ಹುಲ್ಲಿನ ಬುಡದ ಬಿಳಿ ಪುಡಿ

ಮೊಣಕಾಲು ಮಡಚಲಾಗದ ದಿನದಿಂದ ನಾನು ಹಿತ್ತಿಲಿನ ಕೆಲಸದಿಂದ ನಿವೃತ್ತಳಾದೆ. ಯಾರೂ ಹಾರ ಹಾಕಲಿಲ್ಲ. ಜಗಲಿಯ ಮೇಲೆ ಒಂದು ಕುರ್ಚಿ ತಂದಿಟ್ಟರು, ಅಷ್ಟೆ. ಈಗ ನಮ್ಮ ಬೀದಿಯ ಹೆಣ್ಣುಮಕ್ಕಳು ಆ ಕುರ್ಚಿಯ ಹತ್ತಿರ ಬಂದು, "ಅಜ್ಜೀ, ನಮ್ಮ ಸೀಮೆಯ ಹುಲ್ಲನ್ನೇ ಅಂದಕ್ಕೆ ಬೆಳೆಸ್ತಿದ್ರಂತೆ ನೀವು. ಯಾವುದು ಹಾಕಣ, ಹೇಗೆ ಹಾಕಣ, ಹೇಳಿ" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧ ಮರೆಯುತ್ತೇನೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಹುಲ್ಲು ಎಂದರೆ ನನಗೆ ತೆನೆಯ ಚಂದಕ್ಕಿಂತ ಮುಂಚೆ ನೆನಪಾಗುವುದು ಹೆದರಿಕೆ. ತಾಲ್ಲೂಕು ಕಚೇರಿಯ ಗುಮಾಸ್ತರ ಹೆಂಡತಿಯಾಗಿ ನಾಲ್ಕು ಊರುಗಳ ಬಾಡಿಗೆ ಮನೆಗಳಲ್ಲಿ ನಾಲ್ಕು ಹಿತ್ತಿಲು ಮಾಡಿದೆ. ಎರಡನೆಯ ಊರಿನಿಂದ ಆ ಹೆದರಿಕೆ ನನ್ನ ಜೊತೆಗೇ ಬಂತು. ಕೊನೆಗೆ ಶಿಡ್ಲಘಟ್ಟದಲ್ಲಿ ಅದು ನನ್ನ ಕೈಯಿಂದ ಒಂದು ಕೆಲಸ ಮಾಡಿಸಿತು. ಅದರಿಂದ ಪಕ್ಕದ ಮನೆಯ ಸೊಸೆ, ಹತ್ತೊಂಬತ್ತು ವರ್ಷದ ನಾಗರತ್ನ, ತಾನು ಮಾಡದ ತಪ್ಪಿಗೆ ಗಂಡನ ಮನೆ ಬಿಡುವ ಹಂತಕ್ಕೆ ಬಂದಳು. ಅದನ್ನು ಬಿಟ್ಟು ಬರೀ ನಾಟಿ ಮಾಡುವ ಕ್ರಮ ಬರೆದುಕೊಟ್ಟರೆ ನಿಮಗೆ ಮೋಸ ಮಾಡಿದ ಹಾಗೆ.

ಐವತ್ತರ ದಶಕದ ನಡುವೆ ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದಾಗ ನನಗೆ ಗೊತ್ತಿದ್ದದ್ದು ಕಾನ್ವೆಂಟಿನ ತೋಟಗಾರಿಕೆ. ಅಲ್ಲಿ ಸಿಸ್ಟರ್ ಸಿಸಿಲಿಯಾ ಎಂಬುವರು ನಮಗೆ ಗುಲಾಬಿಯ ಕೊಂಬೆ ಕತ್ತರಿಸುವುದನ್ನೂ ಹುಲ್ಲುಹಾಸಿಗೆ ನೀರು ಬಿಡುವುದನ್ನೂ ಕಲಿಸಿದ್ದರು. ಹುಲ್ಲು ಬೆರಳ ಗೆಣ್ಣಿಗಿಂತ ಮೇಲೆ ಬೆಳೆದರೆ ಅವರಿಗೆ ಅದು ಶಿಸ್ತಿಲ್ಲದ ಹುಡುಗಿಯ ಕೂದಲು. ಆ ವಿದ್ಯೆ ಚಿಕ್ಕಬಳ್ಳಾಪುರದಲ್ಲಿ ಒಂದು ಬೇಸಿಗೆಯನ್ನೂ ದಾಟಲಿಲ್ಲ. ಬಾವಿಯ ನೀರು ತಳ ಸೇರಿತು, ಗುಲಾಬಿ ಸೊರಗಿತು. ಅಡುಗೆಗೆ ಸೇದಿದ ನೀರನ್ನು ಗಿಡಕ್ಕೆ ಹಾಕುವುದನ್ನು ಅತ್ತೆಯವರು ಕಂಡರೆ ಎಂದು ಸೆರಗಿನ ಮರೆಯಲ್ಲಿ ಚೊಂಬು ಒಯ್ಯುತ್ತಿದ್ದೆ.

ಆ ವರ್ಷ ಕಾರ್ತಿಕದಲ್ಲಿ ನಂದಿಯ ದೇವಸ್ಥಾನಕ್ಕೆ ಹೋಗಿದ್ದೆವು. ವಾಪಸು ಬರುವಾಗ ಬೆಟ್ಟದ ತಪ್ಪಲಲ್ಲಿ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಯಾರೂ ನೀರು ಹಾಕದ, ಕಲ್ಲಿನ ಸಂದಿಯಿಂದ ಎದ್ದ ಕರಡ ಹುಲ್ಲು ಇಡೀ ಇಳಿಜಾರಿನಲ್ಲಿ ತಾಮ್ರದ ಬಣ್ಣಕ್ಕೆ ತಿರುಗಿ, ಗಾಳಿ ಬಂದಾಗ ಒಂದೇ ಮೈಯಾಗಿ ಬಾಗುತ್ತಿತ್ತು. ಒಂದು ತೆನೆಯನ್ನು ಹತ್ತಿರ ಹಿಡಿದು ನೋಡಿದೆ. ಪ್ರತಿ ಕಾಳಿಗೂ ಜಡೆಯ ಹಾಗೆ ಹೆಣೆದುಕೊಂಡ ಕಪ್ಪು ಎಳೆ. ನೀರಿಲ್ಲದೆ ಇಷ್ಟು ಚಂದ ಆಗುವುದು ಇದ್ದಾಗ ನಾನೇಕೆ ಗುಲಾಬಿಗೆ ಅಳುತ್ತಿದ್ದೇನೆ ಅನ್ನಿಸಿತು.

ಮರುವಾರ ಎರಡು ಬುಡ ಕೀಳಿಸಿ ತಂದು ನೆಟ್ಟೆ. ತೆನೆ ಇದ್ದ ಹಾಗೆಯೇ, ಎತ್ತರ ಇದ್ದ ಹಾಗೆಯೇ. ಎಂಟು ದಿನಕ್ಕೆ ಒಣಗಿ ಪೊರಕೆಯಾಯಿತು. ಹುಲ್ಲನ್ನು ತೆನೆಯ ಕಾಲದಲ್ಲಿ ಕೀಳಬಾರದು. ಮುಂಗಾರು ಹಿಡಿದಾಗ ಕಿತ್ತು, ಮೇಲಿನದನ್ನು ಒಂದು ಗೇಣಿಗೆ ಕತ್ತರಿಸಿ, ಬುಡವನ್ನು ಸೀಳಿ ನೆಡಬೇಕು. ಇದನ್ನು ಯಾರೂ ಹೇಳಿಕೊಡಲಿಲ್ಲ, ಮೂರು ಬುಡ ಸತ್ತು ಕಲಿಸಿದವು. ನಾಲ್ಕನೆಯದು ಬದುಕಿತು. ಆದರೆ ನಾನು ತೆನೆಯ ಬಣ್ಣ ನೋಡಿದ್ದೆನೇ ಹೊರತು ಕಾಳಿನ ಮೊನೆ ನೋಡಿರಲಿಲ್ಲ. ಕರಡದ ಕಾಳು ಬಟ್ಟೆಗೆ ಹತ್ತಿದರೆ ತಿರುಚಿಕೊಂಡು ಒಳಗೇ ಇಳಿಯುತ್ತದೆ. ನಮ್ಮ ಯಜಮಾನರು ಒಂದು ದಿನ ಕಚೇರಿಯಿಂದ ಕುಂಟುತ್ತಾ ಬಂದರು.

"ಏನಾಯ್ತು?"

"ನಿನ್ನ ಶೃಂಗಾರ ಆಯ್ತು. ಸಾಹೇಬರ ಮುಂದೆ ಕೂತೆ, ಎದ್ದೆ, ಕೂತೆ, ಎದ್ದೆ. 'ಏನ್ರೀ, ಕುರ್ಚೀಲಿ ಮುಳ್ಳಿದ್ಯಾ?' ಅಂದ್ರು. ಕುರ್ಚೀಲಿಲ್ಲ ಸ್ವಾಮಿ, ಹೆಂಡ್ತಿ ತೋಟದಲ್ಲಿ ಅನ್ನಬೇಕಾಯ್ತು."

ನಗುತ್ತಲೇ ಅವರ ಪಂಚೆಯಂಚಿನಿಂದ ಹನ್ನೊಂದು ಕಾಳು ತೆಗೆದೆ. ಅಂದಿನಿಂದ ಯಾವ ಹುಲ್ಲನ್ನೇ ಆರಿಸಲಿ, ಒಣ ಕಾಳನ್ನು ಕೈಬೆನ್ನಿನ ಮೇಲೆ ಒಮ್ಮೆ ಉಜ್ಜಿ ನೋಡಿಯೇ ಮನೆಗೆ ತಂದೆ. ನೀವೂ ಹಾಗೇ ಮಾಡಿ.

ಅಲ್ಲಿಂದ ಗೌರಿಬಿದನೂರಿಗೆ ವರ್ಗವಾಯಿತು. ಪಿನಾಕಿನಿಯ ದಡದಲ್ಲಿ ಆಳೆತ್ತರದ ಹುಲ್ಲೊಂದು ಮಳೆಗಾಲ ಮುಗಿದಾಗ ಬೆಳ್ಳಗೆ ತುರಾಯಿ ಬಿಡುತ್ತಿತ್ತು. ಕಾಳು ಹತ್ತಿಯಂತೆ ಮೆತ್ತಗಿತ್ತು, ಚುಚ್ಚುವುದಿಲ್ಲ. ತಂದು ಬಚ್ಚಲಿನ ಹಿಂದೆ ಹಾಕಿದೆ. ಅದು ನದಿಯ ಹುಲ್ಲು, ಮರಳಿನಲ್ಲಿ ಓಡಾಡಿ ಬೆಳೆದದ್ದು ಎಂಬುದನ್ನು ಯೋಚಿಸಲಿಲ್ಲ. ಒಂದೇ ವರ್ಷಕ್ಕೆ ಅದರ ಬೇರು ಗೋಡೆಯ ಕೆಳಗೆ ನುಗ್ಗಿ, ಮನೆಯ ಯಜಮಾನಿಯ ಬಚ್ಚಲ ಕಲ್ಲಿನ ಸಂದಿಯಲ್ಲಿ ಚೂಪಾಗಿ ಮೊಳಕೆ ಎತ್ತಿತು. ಆಕೆ ಸ್ನಾನ ಬಿಟ್ಟು ಕೂಗಿಕೊಂಡೇ ಬಂದರು. "ನೆಲದಿಂದ ಏನೋ ಎದ್ದು ಬರ್ತಿದೆ ಕಣಮ್ಮಾ!"

ನನಗೆ ನಗು ಬಂದಿತ್ತು. ಆದರೆ ಅದೇ ವಾರ ಆ ಬುಡದಲ್ಲಿ ಬೇರೆಯೇ ಒಂದು ಕಂಡಿತು. ನಮ್ಮ ಮಗಳು ವಿಮಲಾ ಆಗ ಅಂಬೆಗಾಲಿಡುತ್ತಿದ್ದಳು. ಮಧ್ಯಾಹ್ನ ಬಟ್ಟೆ ಒಣಗಿಸುತ್ತಿದ್ದಾಗ ಅವಳು ಹುಲ್ಲಿನ ಕಡೆಗೆ ಕೈ ಚಾಚಿ ನಗುತ್ತಿದ್ದಳು. ತಿರುಗಿ ನೋಡಿದರೆ, ಒಣ ಗರಿಗಳ ನಡುವೆ ಗರಿಯಲ್ಲದ್ದು ಒಂದು ಸದ್ದಿಲ್ಲದೆ ಒಳಗೆ ಹೋಗುತ್ತಿತ್ತು. ಬಾಲ ಮುಗಿಯಲು ಬಹಳ ಹೊತ್ತು ಹಿಡಿಯಿತು. ಮಗುವನ್ನು ಎತ್ತಿಕೊಂಡು ಓಡಿದ್ದು ನೆನಪಿದೆ, ಕೂಗಿದ್ದು ನೆನಪಿಲ್ಲ. ಒದ್ದೆ ಸೀರೆ ಮೂರು ದಿನ ಹಗ್ಗದ ಮೇಲೇ ಇತ್ತು. ತರಲು ಯಾರೂ ಹಿತ್ತಿಲಿಗೆ ಹೋಗಲಿಲ್ಲ.

ನಮ್ಮ ಯಜಮಾನರು ಕೂಗಾಡುವವರಲ್ಲ. ಮೆಲ್ಲಗೆ ಹೇಳಿದರು. "ನೋಡು ಸರೋಜಾ. ನಿನ್ನ ಆಸೆಗೆ ನಾನು ಅಡ್ಡ ಬಂದಿಲ್ಲ. ಇನ್ನೊಂದು ಸಲ ಹಾವು ಕಂಡ್ರೆ ಮಾತ್ರ ಹುಲ್ಲು ಅನ್ನೋದು ಈ ಮನೇಲಿ ಇರಲ್ಲ. ನಾನೇ ಬೆಂಕಿ ಇಡ್ತೀನಿ."

ಹಾವಿನ ಹೆದರಿಕೆ ಒಂದು, ಬೆಂಕಿಯ ಹೆದರಿಕೆ ಇನ್ನೊಂದು. ಎರಡನ್ನೂ ಹೊತ್ತು ಚಿಂತಾಮಣಿಗೆ ಹೋದೆ.

ಅಲ್ಲಿ ನನಗೆ ಒಬ್ಬ ಗುರು ಸಿಕ್ಕರು. ರಹಮತ್ ಸಾಬ್ ಎಂದು, ಲಾವಂಚದ ಬೇರಿನಿಂದ ಬೇಸಿಗೆಯ ತಟ್ಟಿ ಹೆಣೆಯುವವರು. ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದರೆ ಮನೆಯೆಲ್ಲ ತಣ್ಣಗೆ ಘಮ್ಮೆನ್ನುತ್ತಿತ್ತು. ಕಚೇರಿಗೆ ತಟ್ಟಿ ಕೊಡಲು ಬಂದವರನ್ನು ನಮ್ಮ ಯಜಮಾನರೇ ಮನೆಗೆ ಕರೆತಂದಿದ್ದರು. ಅವರು ನನ್ನ ಹಿತ್ತಿಲು ನೋಡಿ, ಒಂದು ಬುಡದ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಅಮ್ಮಾ, ಇದರ ಪಾದ ಎಲ್ಲಿ?"

ನನಗೆ ಅರ್ಥವಾಗಲಿಲ್ಲ.

"ಹುಲ್ಲು ಹೆಂಗಸಿನ ಹಂಗೆ ನೆಲ ಮುಟ್ಟೋ ಸೀರೆ ಉಟ್ಟು ನಿಂತಿದೆ. ಕೆಳಗೆ ಏನು ಕೂತಿದ್ಯೋ ಯಾರಿಗೆ ಗೊತ್ತು? ಒಂದು ಮೊಳ ಎತ್ತಿ ಕಟ್ಟು. ಒಣ ಗರಿ ಎಲ್ಲಾ ತೆಗಿ. ಬುಡ ಕಾಣಬೇಕು. ಬುಡ ಕಾಣ್ತಿದ್ರೆ ಹಾವೂ ಕಾಣ್ತದೆ, ಕಾಣೋ ಕಡೆ ಅದು ಕೂರಲ್ಲ. ಅದಕ್ಕೆ ನಿನಗಿಂತ ಭಯ ಜಾಸ್ತಿ."

ಅವರು ಕಲಿಸಿದ್ದನ್ನು ಇಲ್ಲಿ ಕೊಡುತ್ತೇನೆ, ಇದಕ್ಕಿಂತ ಒಳ್ಳೆಯ ಪಾಠ ನನ್ನಲ್ಲಿಲ್ಲ. ಮನೆಯ ಗೋಡೆಯಿಂದ ಎರಡು ಮಾರು ಬಿಟ್ಟು ನೆಡಬೇಕು. ಬುಡದಿಂದ ಬುಡಕ್ಕೆ ಪೊರಕೆ ಆಡುವಷ್ಟು ಜಾಗ ಇರಬೇಕು. ದಿನಾ ಬೆಳಿಗ್ಗೆ ಉದ್ದನೆಯ ಕಡ್ಡಿಪೊರಕೆಯಿಂದ ಸದ್ದು ಮಾಡುತ್ತಾ ಗುಡಿಸಬೇಕು. ಬೇಸಿಗೆ ಕೊನೆಗೆ ಇಡೀ ಬುಡವನ್ನು ಗೇಣಿಗೆ ಕತ್ತರಿಸಬೇಕು. ಲಾವಂಚವನ್ನು ಬಚ್ಚಲ ನೀರು ಹರಿಯುವಲ್ಲಿ ಹಾಕಿದರೆ ಅದು ಎಂದೂ ಓಡುವುದಿಲ್ಲ, ನಿಂತಲ್ಲೇ ದಪ್ಪವಾಗುತ್ತದೆ. ಕಲ್ಲು ಮಣ್ಣಿಗೆ ಬಾದೆ ಹುಲ್ಲು. ಹಳ್ಳಿಯವರು ಸೂರಿಗೆ ಹೊದಿಸುವುದು, ಮುರಿದರೆ ನಿಂಬೆಯ ವಾಸನೆ, ಮಾಗಿಯಲ್ಲಿ ಕೆಂಪಾಗುತ್ತದೆ.

ಎರಡು ವರ್ಷ ಹಾಗೇ ಮಾಡಿದೆ. ಒಂದು ಹಾವೂ ಕಾಣಲಿಲ್ಲ.

ಆ ಕಾಲಕ್ಕೆ ಮಲೇರಿಯಾದವರು ಬಂದು ಮನೆಮನೆಯ ಗೋಡೆಗೂ ಡಿಡಿಟಿ ಹೊಡೆದು ಹೋಗುತ್ತಿದ್ದರು. ಅದೇ ಮದ್ದು ಒಣ ಪುಡಿಯಾಗಿ ಅಂಗಡಿಯಲ್ಲೂ ಬಂತು. ಇರುವೆ, ಜಿರಲೆ, ಚೇಳುಮರಿ, ಯಾವುದಕ್ಕೆ ಹಾಕಿದರೂ ಸತ್ತಿತು. ನಾನು ಒಂದು ಡಬ್ಬ ತಂದು ಪ್ರತಿ ಬುಡದ ಸುತ್ತ ರಂಗೋಲಿಯ ಹಾಗೆ ಬಿಳಿ ಗೆರೆ ಎಳೆದೆ. ಹುಳು ಇಲ್ಲದಿದ್ದರೆ ಕಪ್ಪೆ ಇಲ್ಲ, ಕಪ್ಪೆ ಇಲ್ಲದಿದ್ದರೆ ಹಾವು ಇಲ್ಲ ಎಂಬುದು ನನ್ನ ಲೆಕ್ಕ. ಮರುದಿನ ಗೆರೆಯ ಮೇಲೆ ಕಂಬಳಿಹುಳುಗಳು ಸುರುಳಿಸುತ್ತಿ ಬಿದ್ದಿದ್ದವು. ಪ್ರತಿಯೊಂದರ ಬಾಯಿಯ ಹತ್ತಿರ ಸಾಸಿವೆಯಷ್ಟು ಹಸಿರು ಹನಿ. ನನಗೆ ಸಮಾಧಾನವಾಯಿತು. ರಹಮತ್ ಸಾಬರು ಅದನ್ನು ಕಂಡು, "ಇದನ್ನ ಹಾಕ್ತಾ ಹಾಕ್ತಾ ಗುಡಿಸೋದು ಬಿಟ್ಬಿಡ್ತೀಯಮ್ಮಾ ನೀನು" ಎಂದರು. ಇಲ್ಲವೆಂದೆ. ಆರು ತಿಂಗಳಲ್ಲಿ ಬಿಟ್ಟಿದ್ದೆ.

ಶಿಡ್ಲಘಟ್ಟಕ್ಕೆ ನಾವು ಹೋದದ್ದು ಅರವತ್ತರ ದಶಕದ ಮೊದಲಲ್ಲಿ. ಊರೆಲ್ಲ ರೇಷ್ಮೆ. ಒಂದು ಬೀದಿಯಲ್ಲಿ ಗೂಡು ಬೇಯಿಸುವ ವಾಸನೆ, ಇನ್ನೊಂದರಲ್ಲಿ ನೂಲು ತೆಗೆಯುವ ರಾಟೆಯ ಸದ್ದು. ನಮ್ಮ ಪಕ್ಕದ ಮನೆ ಅಕ್ಕಯ್ಯಮ್ಮನವರದು. ಐವತ್ತು ದಾಟಿದ ವಿಧವೆ, ಮಗ ಮುನಿಶಾಮಿ, ಸೊಸೆ ನಾಗರತ್ನ. ಹೊಲದಲ್ಲಿ ಹಿಪ್ಪುನೇರಳೆ, ಮನೆಯಲ್ಲಿ ಹುಳ ಸಾಕಣೆ. ಆ ಮನೆಯ ನಡುಕೋಣೆಯೇ ಹುಳದ ಮನೆ. ಬಿದಿರು ತಟ್ಟೆಗಳನ್ನು ಅಟ್ಟಣಿಗೆಯಲ್ಲಿ ಒಂದರ ಮೇಲೊಂದು ಇಟ್ಟಿರುತ್ತಿದ್ದರು. ಒಳಗೆ ಹೋಗಬೇಕಾದರೆ ಕೈಕಾಲು ತೊಳೆಯಬೇಕು. ಮುಟ್ಟಾದ ಹೆಂಗಸು ಆ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಹುಳಕ್ಕೆ ಕೇಡು ಎಂಬುದು ಅಲ್ಲಿ ಎಲ್ಲರೂ ನಂಬಿದ ಮಾತು.

ನಾನು ಹುಲ್ಲಿನ ಬುಡಗಳನ್ನು ಗಾಡಿಯಿಂದ ಇಳಿಸುತ್ತಿದ್ದದ್ದನ್ನು ಕಂಡು ಅಕ್ಕಯ್ಯಮ್ಮ ಬೇಲಿಯ ಹತ್ತಿರ ಬಂದರು.

"ಏನಮ್ಮಾವ್ರೇ ಅದು, ಹಸು ತಂದಿದ್ದೀರಾ?"

"ಇಲ್ಲ, ಅಂದಕ್ಕೆ."

"ಹುಲ್ಲು ಅಂದಕ್ಕಾ! ದೇವುಡಾ! ನಮ್ಮೆತ್ತುಗಳಿಗೆ ಹೇಳ್ಬೇಡಿ, ನಗ್ತಾವೆ." ಆಮೇಲೆ ಮೂಗರಳಿಸಿ, ಮುಖ ಬಿಗಿದರು. "ಇದು ಘಮ್ಮಂತೈತೆ. ಅಮ್ಮಾ, ವಾಸನೆ ಮಾತ್ರ ಈ ಕಡೆ ಬರಬಾರ್ದು. ನಮ್ ಹುಳಕ್ಕೆ ಮೈಯೆಲ್ಲಾ ಮೂಗು. ಹೊಗೆಸೊಪ್ಪು ಆಗಲ್ಲ, ಒಗ್ಗರಣೆ ಆಗಲ್ಲ. ಗೋಡೆಗೆ ಮದ್ದು ಹೊಡೆಯೋರನ್ನೂ ನಾನು ಒಳಗೆ ಬಿಡಲ್ಲ, ಆ ನಾತಕ್ಕೇ ಸಾಯ್ತಾವೆ."

ನಾನು ಆ ಮಾತನ್ನು ತಲೆಯ ಮೇಲೆ ಹೊತ್ತೆ. ಲಾವಂಚವನ್ನೂ ಬಾದೆ ಹುಲ್ಲನ್ನೂ ರಸ್ತೆಯ ಬದಿಗೆ ಒಯ್ದು ನೆಟ್ಟೆ. ಬೇಲಿಯ ಬದಿಗೆ ವಾಸನೆಯೇ ಇಲ್ಲದ, ನಸುಗೆಂಪು ತೆನೆಯ ಮೆತ್ತನೆ ಹುಲ್ಲೊಂದನ್ನು ಆರಿಸಿ ಹಾಕಿದೆ. ಗರಿ ಮುರಿದು, ಬೇರು ಜಜ್ಜಿ, ಎರಡು ಸಲ ಮೂಸಿ ನೋಡಿದ್ದೆ. ಇಷ್ಟು ಎಚ್ಚರಿಕೆಯಿಂದ ಯಾರು ಆರಿಸುತ್ತಾರೆ ಎಂದು ಒಳಗೊಳಗೇ ಹೆಮ್ಮೆ.

ಬೇಲಿಯ ಆಚೆ ಅವರದೊಂದು ಸಾಲು ಹಿಪ್ಪುನೇರಳೆ ಇತ್ತು. ಮರಿ ಹುಳಗಳಿಗೆ ಬೇಕಾದ ಎಳೆಯ ಸೊಪ್ಪಿಗೆ ಮನೆಯ ಹತ್ತಿರ ಇಟ್ಟುಕೊಂಡದ್ದು. ನಾಗರತ್ನ ಸೊಪ್ಪು ಕೊಯ್ಯಲು ಬಂದಾಗ ನನ್ನ ತೆನೆಗಳನ್ನು ಸವರುತ್ತಿದ್ದಳು. "ಅಕ್ಕಾ, ಇದು ಅಳಿಲಿನ ಬಾಲ ಅಲ್ವಾ?" ಅವಳ ತೌರು ಮಂಚೇನಹಳ್ಳಿ. ಮಾತಾಡುವಾಗ ಎಡಗೈಯಿಂದ ಬಳೆ ಹಿಡಿದುಕೊಳ್ಳುತ್ತಿದ್ದಳು, ಸದ್ದಾದರೆ ಅತ್ತೆ ಕರೆಯುತ್ತಾರೆಂದು. ವಿಮಲಾಗೆ ಅವಳೆಂದರೆ ಪ್ರಾಣ.

ಆಷಾಢದ ಒಂದು ಮಧ್ಯಾಹ್ನ, ನಾಲ್ಕು ವರ್ಷದ ವಿಮಲಾ ಹಿತ್ತಿಲಿನಿಂದ ಕುಣಿಯುತ್ತಾ ಬಂದಳು. "ಅಮ್ಮಾ, ರಿಬ್ಬನ್ನು!" ಅವಳ ಕೈಯಲ್ಲಿ ಹಾವಿನ ಪೊರೆ. ತೆಳ್ಳಗೆ, ಬೂದು ಬಣ್ಣಕ್ಕೆ, ಅವಳಿಗಿಂತ ಉದ್ದ. ಕಣ್ಣಿನ ಜಾಗದ ಎರಡು ಗುಂಡು ಪೊರೆ ಕೂಡ ಹರಿಯದೆ ಉಳಿದಿತ್ತು. ಬೇಲಿಯ ಹುಲ್ಲಿನ ಬುಡದಲ್ಲಿ ಸಿಕ್ಕಿತಂತೆ.

ಆ ಬುಡವನ್ನು ನಾನು ಗುಡಿಸಿ ಎರಡು ತಿಂಗಳಾಗಿತ್ತು.

ಅದನ್ನು ಒಲೆಗೆ ಹಾಕಿದೆ. ಯಜಮಾನರು ಬರಲು ಇನ್ನೂ ಮೂರು ಗಂಟೆ ಇತ್ತು. ಅವರಿಗೆ ಗೊತ್ತಾದರೆ ಬೆಂಕಿ, ಗೊತ್ತಾಗದಿದ್ದರೆ ಹಾವು. ಡಿಡಿಟಿ ಡಬ್ಬದ ಮುಚ್ಚಳ ಕಿತ್ತು, ಬೇಲಿಯುದ್ದಕ್ಕೂ ಮುಷ್ಟಿ ಮುಷ್ಟಿ ಎರಚಿದೆ. ಗೆರೆ ಎಳೆಯುವ ತಾಳ್ಮೆ ಇರಲಿಲ್ಲ. ಆಷಾಢದ ಗಾಳಿ ನನ್ನ ಬೆನ್ನಿನಿಂದ ಅವರ ಹಿತ್ತಿಲಿಗೆ ಬೀಸುತ್ತಿತ್ತು. ಪುಡಿ ಹೊಗೆಯಂತೆ ಎದ್ದು ಬೇಲಿ ದಾಟಿದ್ದನ್ನು ಕಂಡೆ. ಒಂದು ಕ್ಷಣ ನಿಂತು, ಅಂಗೈ ಮೂಸಿದೆ. ಮೂಗಿಗೆ ಹೇಳುವಂಥ ವಾಸನೆ ಏನೂ ಇರಲಿಲ್ಲ. ವಾಸನೆ ಇಲ್ಲವಲ್ಲ, ಇವರಿಗೇನೂ ತೊಂದರೆಯಿಲ್ಲ ಎಂದುಕೊಂಡು ಡಬ್ಬ ಖಾಲಿ ಮಾಡಿದೆ.

ಅದೇ ಸಂಜೆ ಹೊಲದಿಂದ ಸೊಪ್ಪಿನ ಗಾಡಿ ತಡವಾಯಿತಂತೆ. ಹುಳಗಳು ಕೊನೆಯ ಸಲ ಪೊರೆ ಬಿಟ್ಟು ಎದ್ದು, ಬಿಡದೆ ಮೇಯುವ ದಿನಗಳು ಅವು. ಹಸಿದ ಹುಳಕ್ಕೆ ನಾಗರತ್ನ ಬೇಲಿಯ ಸಾಲಿನಿಂದ ಸೊಪ್ಪು ಕೊಯ್ದು ಒಂದು ಅಟ್ಟಣಿಗೆಗೆ ತಾನೇ ಹಾಕಿದಳು. ಅಷ್ಟರಲ್ಲಿ ಗಾಡಿ ಬಂತು. ಉಳಿದ ಅಟ್ಟಣಿಗೆಗಳಿಗೆ ಅಕ್ಕಯ್ಯಮ್ಮ ಹೊಲದ ಸೊಪ್ಪು ಹಾಕಿದರು.

ಬೆಳಿಗ್ಗೆ ಅಕ್ಕಯ್ಯಮ್ಮನ ಕೂಗು ಕೇಳಿ ಬೀದಿಯೇ ಸೇರಿತು. ಸತ್ತ ಹುಳವನ್ನು ಮೊರದಲ್ಲಿ ತಂದು ಅಂಗಳದಲ್ಲಿ ಸುರಿದಿದ್ದರು. ನಾನೂ ಇಣುಕಿದೆ. ಬೆರಳಿನಷ್ಟು ದಪ್ಪದ ಬಿಳಿ ಹುಳಗಳು ಸೊರಗಿ ಸುರುಳಿ ಸುತ್ತಿ ಬಿದ್ದಿದ್ದವು. ಬಾಯಿಯ ಹತ್ತಿರ ಹಸಿರು ಹನಿ.

ನನಗೆ ಆ ಗಳಿಗೆಯಲ್ಲೇ ತಿಳಿಯಿತು. ಇದನ್ನು ಇಷ್ಟು ಸ್ಪಷ್ಟವಾಗಿ ಬರೆಯಲು ನನಗೆ ಬಹಳ ವರ್ಷ ಬೇಕಾದವು.

ಅಕ್ಕಯ್ಯಮ್ಮ ಸೊಸೆಯ ಕಡೆಗೆ ತಿರುಗಿದ್ದರು. "ನಾನು ಹಾಕಿದ್ದು ಒಂದೂ ಸತ್ತಿಲ್ಲ. ನೀನು ಮುಟ್ಟಿದ್ದೊಂದೇ ಸತ್ತೈತೆ. ಹೇಳೇ, ಹೊರಗಾಗಿದ್ದು ಬಚ್ಚಿಟ್ಟು ಒಳಗೆ ಹೋದೆ ತಾನೇ?"

"ಇಲ್ಲ ಅತ್ತೆ. ದೇವರಾಣೆ ಇಲ್ಲ."

"ದೇವರ ಮೇಲೆ ಬೇರೆ ಹಾಕ್ತೀಯಾ!"

ಸೇರಿದ ಹೆಂಗಸರಲ್ಲಿ ಯಾರೂ ಅನುಮಾನಪಡಲಿಲ್ಲ. ಒಂದು ಅಟ್ಟಣಿಗೆ ಸತ್ತಿದೆ, ಅದು ಅವಳು ಮೇವು ಹಾಕಿದ್ದೇ, ಇನ್ನೇನು ಬೇಕು? ಮುನಿಶಾಮಿ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಶನಿವಾರದ ಬಸ್ಸಿಗೆ ಅವಳನ್ನು ಮಂಚೇನಹಳ್ಳಿಗೆ ಬಿಟ್ಟು ಬಾ, ಇನ್ನು ಕರೆತರಬೇಡ ಎಂದು ತಾಯಿ ಹೇಳಿದರು. ಅಂದು ಗುರುವಾರ.

ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಆ ಸಾಲಿನ ಸೊಪ್ಪನ್ನು ಯಾರಾದರೂ ಮತ್ತೆ ಕೊಯ್ದರೆ ಉಳಿದ ಹುಳವೂ ಹೋಗುತ್ತದೆ. ಇದು ಹೊಳೆದು ಇನ್ನೊಂದು ಭಯ ಹತ್ತಿತು. ಬೀದಿ ಖಾಲಿಯಾದ ಮೇಲೆ ಬಿಂದಿಗೆಯಲ್ಲಿ ನೀರು ತಂದು ಬೇಲಿಯ ಮೇಲಿಂದ ಅವರ ಗಿಡಗಳಿಗೆ ಎರಚತೊಡಗಿದೆ. ನಾಲ್ಕನೆಯ ಬಿಂದಿಗೆಗೆ ಅಕ್ಕಯ್ಯಮ್ಮ ಎದುರಿಗೆ ನಿಂತಿದ್ದರು.

"ನಮ್ಮ ಕಂಬಳಿ ಗಿಡಕ್ಕೆ ನೀವ್ಯಾಕಮ್ಮಾ ನೀರು ಹಾಕ್ತೀರ?" ಅಲ್ಲಿಯವರು ಹಿಪ್ಪುನೇರಳೆಗೆ ಕಂಬಳಿ ಗಿಡ ಎನ್ನುತ್ತಾರೆ.

"ಬಾಡಿದ ಹಾಗೆ ಕಾಣ್ತು."

ಅವರ ಕಣ್ಣು ಅತ್ತು ಕೆಂಪಾಗಿತ್ತು. "ನಮ್ಮನೇಲಿರೋಳಿಗೆ ಆ ಬುದ್ಧಿ ಇಲ್ಲ. ಪರರ ಮನೆ ಹೆಂಗಸು ನೀವು, ನಿಮಗಿದೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ ತಾಯಿ" ಎಂದರು. ಬಿಂದಿಗೆ ಜಾರಿ ನನ್ನ ಕಾಲ ಮೇಲೆ ಬಿತ್ತು. ಹೆಬ್ಬೆರಳಿನ ಉಗುರು ಕಪ್ಪಾಗಿ ಉದುರುವ ತನಕ ಆ ಹಾರೈಕೆ ನನ್ನ ಕಿವಿಯಲ್ಲಿತ್ತು.

ಸಂಜೆ ಯಜಮಾನರಿಗೆ ಪೊರೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ನನ್ನದಕ್ಕಿಂತ ಬಿಳಿಚಿಕೊಂಡಿತು. ಎದ್ದು ಹೋಗಿ ಕಿಟಕಿ ಮುಚ್ಚಿದರು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ. ಊರೇ ರೇಷ್ಮೆ ಮೇಲೆ ನಿಂತಿದೆ. ಸರ್ಕಾರಿ ನೌಕರನ ಹೆಂಡ್ತಿ ಹುಳಕ್ಕೆ ವಿಷ ಹಾಕಿದ್ಳು ಅಂದ್ರೆ ನಾವು ಈ ಬೀದೀಲಿ ಇರೋಕಾಗಲ್ಲ. ವಿಮಲಾ ಆಚೆ ಆಡ್ತಾಳೆ, ಯೋಚನೆ ಮಾಡು. ಅತ್ತೆ ಸೊಸೆ ಜಗಳ, ನಾಲ್ಕು ತಿಂಗಳಿಗೆ ಸರಿಹೋಗತ್ತೆ."

ಅವರ ಮಾತು ನನಗೆ ಬೇಕಾದ ಮಾತೇ ಆಗಿತ್ತು. ಅದನ್ನು ಅಪ್ಪಿಕೊಂಡು ಶುಕ್ರವಾರ ಮಧ್ಯಾಹ್ನದವರೆಗೆ ಇದ್ದೆ.

ಆಗ ಬೇಲಿಯ ಹತ್ತಿರ "ಅಕ್ಕಾ" ಎಂದಂತಾಯಿತು. ನಾಗರತ್ನ. ಬಳೆ ಹಿಡಿದುಕೊಂಡಿರಲಿಲ್ಲ, ಸದ್ದಾದರೆ ಆಗಲಿ ಎಂಬಂತೆ ಕೈ ಜೋತುಬಿದ್ದಿತ್ತು.

"ನಾಳೆ ಹೋಗ್ತೀನಿ ಅಕ್ಕಾ. ವಿಮಲಾಗೆ ಹೇಳ್ಬೇಡಿ, ಅಳ್ತಾಳೆ."

ನಾನು ತಲೆಯಾಡಿಸಿದೆ.

"ನಾನು ಹೊರಗಾಗಿರ್ಲಿಲ್ಲ ಅಕ್ಕಾ. ನನ್ನ ದಿನ ನನಗೆ ಗೊತ್ತಿಲ್ವಾ? ಆದ್ರೆ ಎಲ್ರೂ ಹೇಳ್ತಿದ್ದಾರಲ್ಲ. ರಾತ್ರಿಯೆಲ್ಲಾ ನೆನೆಸ್ಕೊಂಡೆ. ಕೈ ತೊಳೆದ್ನಾ, ಕಾಲು ತೊಳೆದ್ನಾ, ಮನಸ್ಸಲ್ಲಿ ಏನಾದ್ರೂ ಕೆಟ್ಟದು ಅಂದ್ಕೊಂಡ್ನಾ? ನನ್ನ ಕೈಯಲ್ಲೇ ಏನೋ ಐತೆ ಅನ್ಸುತ್ತೆ ಅಕ್ಕಾ. ತೌರಲ್ಲಿ ನಮ್ಮಣ್ಣನ ಮಗು ಐತೆ. ಅದನ್ನ ಎತ್ಕೊಳ್ಳೋಕೂ ಭಯ ಆಗ್ತೈತೆ."

ಅವಳು ತನ್ನ ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಂಡಳು. ಆಮೇಲೆ ತಿರುಗಿ ಹೋದಳು.

ಶನಿವಾರ ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ಅವರ ಜಗಲಿಯ ಮೇಲೆ ಅವಳ ತಗಡಿನ ಪೆಟ್ಟಿಗೆ ಬಂದಿತ್ತು. ಯಜಮಾನರು ಕ್ಷೌರ ಮಾಡಿಕೊಳ್ಳುತ್ತಿದ್ದರು. "ಹೋಗ್ತೀನಿ" ಎಂದೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಸೋಪಿನ ನೊರೆ ಮುಖದಲ್ಲೇ ವಿಮಲಾಳನ್ನು ಎತ್ತಿಕೊಂಡು ಒಳಗೆ ಹೋದರು.

ಬೇಲಿಯ ಸಾಲಿನಲ್ಲಿ ನೀರು ತಾಗದ ಕಡೆಯಿಂದ ಎರಡು ಎಲೆ ಕಿತ್ತೆ. ನರಗಳ ಸಂದಿಯಲ್ಲಿ ಬಿಳಿ ಇನ್ನೂ ಇತ್ತು. ಖಾಲಿ ಡಬ್ಬವನ್ನೂ ಹಿಡಿದುಕೊಂಡು ಅವರ ಅಂಗಳಕ್ಕೆ ಹೋದೆ.

"ಅಕ್ಕಯ್ಯಮ್ಮಾ, ಹುಳ ಸತ್ತಿದ್ದು ನನ್ನಿಂದ. ಈ ಪುಡಿ ನಾನು ಎರಚಿದ್ದು. ಗಾಳಿಗೆ ನಿಮ್ಮ ಸೊಪ್ಪಿನ ಮೇಲೆ ಬಿತ್ತು. ಅದನ್ನೇ ನಾಗರತ್ನ ಹಾಕಿದ್ದು."

ಅವರು ಡಬ್ಬ ಮೂಸಿದರು. ಸೊಪ್ಪು ಮೂಸಿದರು. "ವಾಸನೇನೇ ಇಲ್ಲ. ಇವಳನ್ನ ಉಳಿಸೋಕೆ ನೀವು ಮೈಮೇಲೆ ಹಾಕ್ಕೊಳ್ತಿದ್ದೀರ. ಕಾನ್ವೆಂಟಿನೋರು, ಮನಸ್ಸು ಮೆತ್ತಗೆ."

"ಹಾಗಾದ್ರೆ ನಾಲ್ಕು ಹುಳ ತನ್ನಿ."

ಮುನಿಶಾಮಿ ಒಳಗೆ ಹೋಗಿ ಎರಡು ಮೊರ ತಂದ. ಒಂದರಲ್ಲಿ ಎರಡು ಹುಳ, ಹೊಲದ ಸೊಪ್ಪು. ಇನ್ನೊಂದರಲ್ಲಿ ಎರಡು ಹುಳ, ನಾನು ತಂದ ಸೊಪ್ಪು. ನಾವೆಲ್ಲ ಜಗಲಿಯ ಮೇಲೆ ಕೂತೆವು. ಹುಳ ಸೊಪ್ಪು ಮೇಯುವ ಸದ್ದು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು, ಸಣ್ಣಗೆ ಜಡಿಮಳೆ ಬಂದ ಹಾಗೆ. ಅವು ಸಾಯದಿದ್ದರೆ ನಾನು ತಪ್ಪಿತಸ್ಥೆಯಲ್ಲ. ಅವು ಸತ್ತರೆ ಆ ಪೆಟ್ಟಿಗೆ ಒಳಗೆ ಹೋಗುತ್ತದೆ. ಯಾವುದನ್ನು ಬೇಡಿಕೊಳ್ಳಬೇಕೋ ತಿಳಿಯದೆ, ಚಿಕ್ಕಂದಿನಲ್ಲಿ ಕಲಿತ ಪ್ರಾರ್ಥನೆಯ ಬರೀ ಮೊದಲ ಸಾಲನ್ನು ಮತ್ತೆ ಮತ್ತೆ ಹೇಳಿಕೊಂಡೆ.

ಬಿಸಿಲು ಜಗಲಿಯ ಎರಡನೇ ಮೆಟ್ಟಿಲಿಗೆ ಬಂದಾಗ ನನ್ನ ಸೊಪ್ಪಿನ ಮೇಲಿದ್ದ ಒಂದು ಹುಳ ಮೇಯುವುದನ್ನು ನಿಲ್ಲಿಸಿತು. ತಲೆ ಎತ್ತಿತು. ಆ ಕಡೆ ಈ ಕಡೆ ಆಡಿಸಿತು. ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಬಾಯಿಯಿಂದ ಹಸಿರು ಹನಿ ಬಂತು. ಪಕ್ಕದ ಮೊರದಲ್ಲಿ ಎರಡು ಹುಳ ಏನೂ ಆಗದ ಹಾಗೆ ಮೇಯುತ್ತಲೇ ಇದ್ದವು.

ಅಕ್ಕಯ್ಯಮ್ಮ ಮೊರದ ಹತ್ತಿರ ಬಗ್ಗಿದರು. ಸತ್ತ ಹುಳವೊಂದನ್ನು ಅಂಗೈಗೆ ತೆಗೆದುಕೊಂಡು ಬೆರಳಿಂದ ಸವರಿದರು. ಊರನ್ನು ಕರೆಯುತ್ತಾರೆ, ನನ್ನ ಜುಟ್ಟು ಹಿಡಿಯುತ್ತಾರೆ ಎಂದು ಕಾದು ಕೂತಿದ್ದೆ.

"ಎರಡು ದಿನ ಬಾಯಿ ಎಲ್ಲಿಟ್ಟಿದ್ರಿ ಅಮ್ಮಾ?" ಎಂದರು, ಅಷ್ಟೆ. ಮಗನಿಗೆ, "ಪೆಟ್ಟಿಗೆ ಒಳಗಿಡೋ" ಎಂದರು. ಸೊಸೆಗೆ, ಮುಖ ನೋಡದೆ, "ಹೊಲದ ಸೊಪ್ಪು ಬಂದೈತೆ. ಕೈಕಾಲು ತೊಳ್ಕೊಂಡು ಹಾಕು, ಹೋಗು" ಎಂದರು. ತಪ್ಪಾಯಿತು ಎಂದು ಅವರು ಅವಳಿಗೆ ಹೇಳಿದ್ದನ್ನು ನಾನು ಕೇಳಲಿಲ್ಲ.

ಅದೇ ದಿನ ಬೇಲಿಯ ಹುಲ್ಲನ್ನೆಲ್ಲ ನಾನೇ ಅಗೆದು, ಮೇಲಿನ ಒಂದು ಗೇಣು ಮಣ್ಣನ್ನೂ ಬುಟ್ಟಿಯಲ್ಲಿ ಹೊತ್ತು ಊರಾಚೆಯ ಹಾಳು ಗುಂಡಿಗೆ ಹಾಕಿದೆ. ಮುನಿಶಾಮಿ ಆ ಸಾಲಿನ ಗಿಡಗಳನ್ನು ನೆಲಮಟ್ಟಕ್ಕೆ ಕಡಿದ. ಬೀದಿಯವರು ನಮ್ಮೊಡನೆ ಬಹಳ ಕಾಲ ಮಾತು ಬಿಟ್ಟರು; ವಿಮಲಾ ಜಗಲಿಯ ಮೇಲೆ ಒಬ್ಬಳೇ ಆಡಿಕೊಂಡಳು. ಯಜಮಾನರು ಹೆದರಿದ್ದು ಸುಳ್ಳಾಗಿರಲಿಲ್ಲ. ಪುಡಿಯನ್ನು ನಾನು ಮತ್ತೆ ಮುಟ್ಟಲಿಲ್ಲ. ಆಮೇಲೆ ನನ್ನ ಹಿತ್ತಿಲಲ್ಲಿ ಕಡ್ಡಿಪೊರಕೆ ಒಂದೇ, ದಿನಾ ಬೆಳಿಗ್ಗೆ, ಸದ್ದು ಮಾಡುತ್ತಾ. ನೀವು ಹುಲ್ಲು ಹಾಕುವುದಾದರೆ ಬೇಲಿಯಾಚೆ ಯಾರು ಏನು ಸಾಕುತ್ತಿದ್ದಾರೆ, ಗಾಳಿ ಯಾವ ಕಡೆಗೆ ಬೀಸುತ್ತದೆ, ಇವೆರಡನ್ನು ಕೇಳಿಕೊಂಡೇ ಗುಂಡಿ ತೋಡಿ.

ಉಳಿದ ಹುಳಗಳು ಗೂಡು ಕಟ್ಟಿದ ವಾರ ನಾಗರತ್ನ ಕಡಿದ ಗಿಡಗಳ ಹತ್ತಿರ ಬಂದು ನಿಂತಳು. ನಾನು ಬರಿ ನೆಲ ಗುಡಿಸುತ್ತಿದ್ದೆ. ಖಾಲಿಯಾದ ಸೊಪ್ಪಿನ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಅವಳು ಕೇಳಿದಳು.

"ಅಕ್ಕಾ, ಆ ಶುಕ್ರವಾರ ನಾನು ಇಲ್ಲೇ ನಿಂತು ಹೇಳ್ದೆನಲ್ಲ. ಆಗ್ಲೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

ಅವಳು ಬುಟ್ಟಿಯನ್ನು ಇನ್ನೊಂದು ಬದಿಗೆ ಬದಲಿಸಿಕೊಂಡು ಒಳಗೆ ಹೋದಳು.